ಎಂಬತ್ತು ಸೆಕೆಂಡುಗಳ ಅಭ್ಯಾಸ
(ಪುಣೆಯ ಕನ್ನಡ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಸದಾಶಿವ ಪೇಠೆಯ ಅಭ್ಯಾಸಿಕೆಗಳಲ್ಲಿ ರಾತ್ರಿ ಹತ್ತಾದರೂ ದೀಪ ಆರಿರುವುದಿಲ್ಲ. ಅಲ್ಲಿ ತಲೆಬಗ್ಗಿಸಿ ಕುಳಿತವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಅವರು ಓದುವುದಿಲ್ಲವೆಂದು ನಾನು ಹೇಳಲಾರೆ. ಓದುವ ಬಗೆಯ ಕುರಿತು ಮಾತ್ರ ನನ್ನ ತಕರಾರು.

ಕರ್ನಾಟಕದ ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಎಂದರೆ ಪ್ರಶ್ನೆಯೊಂದಕ್ಕೆ 80 ಸೆಕೆಂಡು. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಾದರೋ ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಎರಡಕ್ಕೂ ಒಂದೇ ಬಗೆಯ ಸಿದ್ಧತೆ ಸಾಲದು. (ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ಹನ್ನೆರಡನೆಯ ತರಗತಿಯ ಅಂಕಗಳಿಗೂ ಅರ್ಧ ಪಾಲಿದೆ ಎಂಬುದನ್ನು ನಮ್ಮವರು ಮರೆಯುತ್ತಾರೆ.)

ಕೊಥ್ರೂಡಿನಲ್ಲಿರುವ ನನ್ನ ಅಕ್ಕನ ಮಗಳು ಒಂದೇ ಪಾಠವನ್ನು ಐದು ಸಲ ಓದಿ, ಸಾಲುಗಳಿಗೆಲ್ಲ ಹಳದಿ ಬಣ್ಣ ಬಳಿಯುತ್ತಿದ್ದಳು. ಪುಸ್ತಕ ಮುಚ್ಚಿ ಕೇಳಿದರೆ ಉತ್ತರವಿಲ್ಲ. ಕಣ್ಣಿಗೆ ಪರಿಚಿತವಾದುದನ್ನೇ ನಾವು ಬಲ್ಲೆವೆಂದು ಭ್ರಮಿಸುತ್ತೇವೆ. ಆಮೇಲೆ ಅವಳು ಗಡಿಯಾರ ಮುಂದಿಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸತೊಡಗಿದಳು. ತಪ್ಪಿದ್ದನ್ನೆಲ್ಲ ಒಂದು ವಹಿಯಲ್ಲಿ ಬರೆದು, ಎದುರಿಗೆ ಕಾರಣವನ್ನೂ ನಮೂದಿಸಿದಳು: ತಿಳಿಯದೆಯೋ, ಲೆಕ್ಕ ತಪ್ಪಿಯೋ, ಆತುರದಿಂದಲೋ. ಮೂರು ವಾರದಲ್ಲಿ ತಿಳಿದದ್ದೆಂದರೆ, ಹೆಚ್ಚಿನ ತಪ್ಪುಗಳು ಅಜ್ಞಾನದಿಂದಾದವಲ್ಲ. 'ಯಾವುದು ಸರಿಯಲ್ಲ' ಎಂಬುದನ್ನು 'ಯಾವುದು ಸರಿ' ಎಂದು ಓದಿದ್ದರಿಂದಾದವು! ಅಂಕಗಳು ಏರಿದವು. ಸಿಇಟಿಯನ್ನೂ ಚೆನ್ನಾಗಿಯೇ ಬರೆದಳು.

ಅವಳು ಎಡವಿದ್ದು ಕನ್ನಡದಲ್ಲಿ.

ಹೊರನಾಡು, ಗಡಿನಾಡು ಕನ್ನಡಿಗರೆಂದು ಸೀಟು ಕೇಳುವವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 50 ಅಂಕಗಳ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಮಟ್ಟ ನಾಲ್ಕನೆಯ ತರಗತಿಯದು. 12 ಅಂಕ ಬಂದರೆ ಸಾಕು. ಅವಳಿಗೆ ಬಂದದ್ದು ಹತ್ತು. "ಮನೆಯಲ್ಲಿ ಕನ್ನಡವನ್ನೇ ಆಡುತ್ತೀಯಲ್ಲ, ಅದಕ್ಕೇನು ಓದುವುದು?" ಎಂದು ಧೈರ್ಯ ಹೇಳಿದವನು ನಾನೇ. ಕರ್ನಾಟಕದ ಸೀಟಿನ ಆಸೆ ಅಲ್ಲಿಗೇ ಮುಗಿಯಿತು.

ಮರಾಠಿ ಶಾಲೆಯಲ್ಲಿ ಕಲಿತ ಕೈ ಎಲ್ಲಿ ತಪ್ಪುತ್ತದೆಂದು ಆಮೇಲೆ ಕೂತು ನೋಡಿದೆ. ಮರಾಠಿಯ ಬರವಣಿಗೆಯಲ್ಲಿ ಎ–ಏ, ಒ–ಓಗಳ ಹ್ರಸ್ವ ದೀರ್ಘ ಭೇದವಿಲ್ಲ. ಆದ್ದರಿಂದ ಹೊಲದ ಬೆಳೆಯೂ ಸಾರಿನ ಬೇಳೆಯೂ ಅವರಿಗೆ ಒಂದೇ. ಒತ್ತಕ್ಷರದಲ್ಲಿ ಅಲ್ಲಿ ಸಾಮಾನ್ಯವಾಗಿ ಮೊದಲ ಅಕ್ಷರ ಅರ್ಧವಾಗುತ್ತದೆ, ಇಲ್ಲಿ ಎರಡನೆಯದು ಕೆಳಗಿಳಿಯುತ್ತದೆ; ಮಕ್ಕಳು ಇದನ್ನು ಅದಲುಬದಲು ಮಾಡುತ್ತಾರೆ. 'ಳ' ಮಾತ್ರ ಎರಡರಲ್ಲಿಯೂ ಇರುವುದರಿಂದ ತೊಂದರೆ ಕೊಡುವುದಿಲ್ಲ. ಇವೆಲ್ಲ ಎಣಿಸಿ ಮುಗಿಸಬಹುದಾದ ತಪ್ಪುಗಳು. ಭೌತಶಾಸ್ತ್ರಕ್ಕೆ ಇಟ್ಟ ತಪ್ಪುಗಳ ವಹಿಯನ್ನು ಕನ್ನಡಕ್ಕೂ ಇಟ್ಟಿದ್ದರೆ ಆ ಎರಡು ಅಂಕ ದೂರವಿರಲಿಲ್ಲ.

ನಮ್ಮ ಸಂಘಗಳು ನವೆಂಬರಿನ ರಾಜ್ಯೋತ್ಸವಕ್ಕೆ ತೋರುವ ಉತ್ಸಾಹದಲ್ಲಿ ಕಾಲುಭಾಗವನ್ನು ಈ ಮಕ್ಕಳ ಮಾದರಿ ಪರೀಕ್ಷೆಗೆ ಕೊಡಲಿ. ಭಾನುವಾರ ಎರಡು ಗಂಟೆ, ಒಂದು ಕೋಣೆ, ತಿದ್ದುವ ಇಬ್ಬರು ಹಿರಿಯರು. ತಿದ್ದುವವರಲ್ಲಿ ನಾನೊಬ್ಬನಾಗುತ್ತೇನೆ.

ಅವಳ ತಮ್ಮನಿಗೆ ಮುಂದಿನ ವರ್ಷ ಪರೀಕ್ಷೆ. ದಿನಕ್ಕೆ ಹತ್ತು ಸಾಲು ಉಕ್ತಲೇಖನ ನಡೆದಿದೆ. ಹೇಳಿ ಬರೆಸುವವಳು ಅವಳೇ. ಮೊನ್ನೆ 'ಹಸುವಿಗೆ ಎರಡು ಕೊಡು' ಎಂದು ಬರೆದಿದ್ದ. 'ಕೋಡು' ಎಂದು ತಿದ್ದಿ ವಹಿಯಲ್ಲಿ ಸೇರಿಸಿದ್ದಾಳೆ.