ಊರ ರಾಜಿಗೆ ಕೋರ್ಟಿನ ಬಲ

ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಆಡಿಕೊಂಡು ತೇನಿ ಜಿಲ್ಲೆಯ ಆಂಡಿಪಟ್ಟಿ, ಬೋಡಿ, ಕಂಬಂ ಕಡೆ ಬದುಕುತ್ತಿರುವ ಕಪ್ಪಿಲಿಯರ್, ದೇವಾಂಗ ಕುಟುಂಬಗಳಿಗೆ ಇವತ್ತು ಒಂದು ವ್ಯವಹಾರದ ಮಾತು.

ಬಾವಿಯ ಜಗಳವನ್ನೇ ತೆಗೆದುಕೊಳ್ಳಿ. ತಾತ ತೋಡಿಸಿದ ಬಾವಿ, ಮೊಮ್ಮಕ್ಕಳಿಗೆ ಮೂರು ಪಾಲು, ಕನೆಕ್ಷನ್ ಮಾತ್ರ ದೊಡ್ಡವನ ಹೆಸರಲ್ಲಿ. ತಮಿಳುನಾಡಿನಲ್ಲಿ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ, ಆದರೆ ಮೋಟರ್ ಸುಟ್ಟರೆ ರಿವೈಂಡಿಂಗ್ ಪುಕ್ಕಟೆಯಲ್ಲವಲ್ಲ! ಜಗಳ ಹುಟ್ಟುವುದು ಅಲ್ಲೇ. ಹಿರಿಯರು ಕೂತು ಸರದಿ ಗೊತ್ತುಮಾಡುತ್ತಾರೆ, ಬಿಳಿ ಹಾಳೆಯ ಮೇಲೆ ಸಹಿ ಬೀಳುತ್ತದೆ. ಬೇಸಿಗೆ ಬಂದು ನೀರು ತಳ ಕಂಡಾಗ ಒಬ್ಬ ಮಾತು ಮುರಿಯುತ್ತಾನೆ. ಆಗ ಆ ಹಾಳೆ ಹಿಡಿದು ಹೋದರೆ ಕೋರ್ಟು ಅದನ್ನು ನೇರವಾಗಿ ಜಾರಿ ಮಾಡುವುದಿಲ್ಲ. ಹೊಸದಾಗಿ ದಾವೆ ಹೂಡಬೇಕು.

ಹಿರಿಯರ ರಾಜಿ ಬೇಡ ಎಂದು ನಾನು ಹೇಳುತ್ತಿಲ್ಲ. ಅರ್ಧ ಕೆಲಸ ಅವರೇ ಮಾಡಿರುತ್ತಾರೆ. ಉಳಿದರ್ಧಕ್ಕೆ ತಾಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ. ಇದಕ್ಕೆ ಆಧಾರ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ; ಅದು 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಕೇಸು ಹಾಕುವ ಮೊದಲೇ ಒಂದು ಅರ್ಜಿ ಕೊಡಬಹುದು, ಕೋರ್ಟ್ ಫೀ ಇಲ್ಲ. ಎದುರು ಪಕ್ಷಕ್ಕೆ ನೋಟಿಸ್ ಹೋಗುತ್ತದೆ. ಸಮಿತಿ ನಡೆಸುವ ಲೋಕ್ ಅದಾಲತ್ತಿನಲ್ಲಿ ಇಬ್ಬರೂ ಒಪ್ಪಿದರೆ ಅವಾರ್ಡ್ ಆಗುತ್ತದೆ, ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ. ಒಪ್ಪದಿದ್ದರೆ ಯಾರೂ ತೀರ್ಪು ಹೇರುವುದಿಲ್ಲ, ಕೋರ್ಟಿನ ದಾರಿ ತೆರೆದೇ ಇರುತ್ತದೆ. ಮೊದಲೇ ಕೇಸು ನಡೆಯುತ್ತಿದ್ದು ಇಲ್ಲಿ ರಾಜಿಯಾದರೆ ಕಟ್ಟಿದ ಫೀ ವಾಪಸ್ ಬರುತ್ತದೆ.

ಒಂದು ಎಚ್ಚರಿಕೆ. ಅವಾರ್ಡಿನ ಮೇಲೆ ಅಪೀಲು ಇಲ್ಲ. ಹಾಗಾಗಿ ಸಹಿಗೆ ಮುಂಚೆ ಪೂರ್ತಿ ಓದಿಸಿ ಕೇಳಿ. ಬರಹ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ನಿಮ್ಮಮ್ಮನಿಗೆ ಕನ್ನಡವಷ್ಟೇ ತಿಳಿಯುವುದಾದರೆ, ಅವರಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿ ಎಂದು ಕೇಳಲು ಸಂಕೋಚ ಬೇಡ. "ನೀರನ್ನು ಸಮನಾಗಿ ಹಂಚಿಕೊಳ್ಳತಕ್ಕದ್ದು" ಎಂಬ ಒಂದು ಸಾಲಿಗೆ ಯಾವತ್ತೂ ಸಹಿ ಹಾಕಬೇಡಿ. ಯಾವ ವಾರ ಯಾರದು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಕರೆಂಟು ಹೋದರೆ ಆ ಹೊತ್ತು ಯಾರ ಲೆಕ್ಕಕ್ಕೆ, ಹೂಳು ತೆಗೆಸುವ ಖರ್ಚು ಯಾರದು, ಬಾವಿಗೆ ಹೋಗುವ ದಾರಿ ಎಷ್ಟು ಅಡಿ, ಎಲ್ಲ ಬರೆಸಿ. ಸರ್ವೆ ನಂಬರ್ ತಪ್ಪದೆ ಇರಲಿ. ಅವಾರ್ಡಿನ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು, ಕೇಳಿ ಪಡೆಯಿರಿ.

ವಿದ್ಯುತ್, ವಿಮೆ, ಆಸ್ಪತ್ರೆಗಳ ಮೇಲಿನ ದೂರಿಗೆ ಖಾಯಂ ಲೋಕ್ ಅದಾಲತ್ ಬೇರೆ ಇದೆ. ಅಲ್ಲಿ ರಾಜಿಯಾಗದಿದ್ದರೂ ತೀರ್ಮಾನ ಕೊಡುವ ಅಧಿಕಾರವುಂಟು. ರಾಜಿಗೆ ಅವಕಾಶವಿಲ್ಲದ ಕ್ರಿಮಿನಲ್ ಕೇಸುಗಳನ್ನು ಮಾತ್ರ ಈ ಎರಡೂ ಅದಾಲತ್ತುಗಳಲ್ಲಿ ತೆಗೆದುಕೊಳ್ಳುವುದಿಲ್ಲ.

ಇನ್ನು ಸಾಲದ ಪ್ರೋನೋಟು. ಅದರ ಮೇಲೆ ದಾವೆ ಹೂಡಲು ಮೂರು ವರ್ಷದ ವಾಯಿದೆ. "ದೀಪಾವಳಿಗೆ ಕೊಡ್ತೀನಿ, ಪೊಂಗಲ್‌ಗೆ ಕೊಡ್ತೀನಿ" ಎನ್ನುವ ಮಾತು ನಂಬಿಕೊಂಡು ಎಷ್ಟೋ ಜನ ಅವಧಿ ಮೀರಿಸಿಕೊಳ್ಳುತ್ತಾರೆ. ತಾರೀಖು ಹತ್ತಿರವಾಗಿದ್ದರೆ ರಾಜಿ ಮಾತಿಗೆ ಕಾಯದೆ ಮೊದಲು ವಕೀಲರನ್ನು ಕಾಣಿ. ಹೆಂಗಸರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಸಮಿತಿಯೇ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಯಾರನ್ನು ಕೇಳುವುದು ಎಂದು ತಿಳಿಯದಿದ್ದರೆ ತೇನಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.