ಎಣಿಕೆಗೆ ಬಾರದ ಗಂಟೆಗಳು

(ಮಹಿಳಾ ವಿಭಾಗದ ವಾರ್ಷಿಕ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ನನ್ನ ಕೆಲಸ ಆಪರೇಷನ್ ಥಿಯೇಟರಿನಲ್ಲಿ. ಅಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಆದಷ್ಟು ಕಡಿಮೆ ಮಾತಾಡುವುದೇ ಒಳ್ಳೆಯ ಗುಣ. ಆದರೂ ಕಾರ್ಯಾಧ್ಯಕ್ಷೆಯವರು ಕೇಳಿದಾಗ ಒಪ್ಪಿಕೊಂಡೆ. ಅದಕ್ಕೆ ಕಾರಣ ನಮ್ಮ ಕಟ್ಟಡದ ಒಬ್ಬ ತಾಯಿ ಕೇಳಿದ ಪ್ರಶ್ನೆ.

ಅವರ ಮಗಳು ಈಗ ಹನ್ನೊಂದನೇ ಕ್ಲಾಸಿನಲ್ಲಿದ್ದಾಳೆ. ಹತ್ತಿರದ ಒಂದು ಚಿಕ್ಕ ನರ್ಸಿಂಗ್ ಹೋಮಿನವರು, "ಕಾಲೇಜು ಮುಗಿಸಿ ಮಧ್ಯಾಹ್ನ ಬರಲಿ, ಓಟಿ ಕೆಲಸ ಕಲಿಸುತ್ತೇವೆ, ತಿಂಗಳಿಗೆ ಸ್ವಲ್ಪ ದುಡ್ಡೂ ಕೊಡುತ್ತೇವೆ" ಅಂದಿದ್ದಾರಂತೆ. "ಅಕ್ಕಾ, ನೀವು ಅದೇ ಕೆಲಸದಲ್ಲಿ ಇದ್ದವರಲ್ಲವಾ, ಕಳಿಸಲಾ ಬೇಡವಾ?" ಎಂದು ಆ ತಾಯಿ ಕೇಳಿದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಯಾಕೆಂದರೆ ನಾನೂ ಹೀಗೆಯೇ ಒಳಗೆ ಹೋದವಳು. ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಇವತ್ತು ನಿಮ್ಮೆಲ್ಲರ ಮುಂದೆ ಹೇಳುತ್ತೇನೆ.

ನನ್ನ ಅಪ್ಪ ಕುಂದಾಪುರದ ಕಡೆಯವರು. ಮುಂಬಯಿಯಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತಿದ್ದರು. ನಾವು ಘಾಟ್ಕೋಪರಿನ ಚಾಳಿನಲ್ಲಿದ್ದೆವು. ಅಮ್ಮ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದರು. ಅಲ್ಲಿ ಎಲ್ಲರೂ ಅವರನ್ನು ಮಾವಶಿ ಎನ್ನುತ್ತಿದ್ದರು. ಅಪ್ಪನ ಆರೋಗ್ಯ ಕೆಟ್ಟ ಮೇಲೆ ನಾನು ಹಗಲು ಶಾಲೆ ಬಿಟ್ಟು ಕನ್ನಡ ರಾತ್ರಿ ಶಾಲೆಗೆ ಸೇರಿದೆ. ಅದು 1986. ನನಗೆ ಹದಿನೈದು ವರ್ಷ. ಕ್ಲಾಸಿನಲ್ಲಿ ಹೆಚ್ಚಿನವರು ಹೋಟೆಲುಗಳಲ್ಲಿ ಕಪ್ಪು ಬಸಿ ತೊಳೆದು ಬರುತ್ತಿದ್ದ ಊರಿನ ಹುಡುಗರು. ಹುಡುಗಿಯರು ನಾವು ಮೂರೋ ನಾಲ್ಕೋ ಜನ. ಹಗಲು ಅಮ್ಮನ ಜೊತೆ ನರ್ಸಿಂಗ್ ಹೋಮಿಗೆ, ಸಂಜೆ ಶಾಲೆಗೆ. ಮೂರು ವರ್ಷ ಹೀಗೇ ನಡೆಯಿತು.

ಮೊದಲು ಕೊಟ್ಟ ಕೆಲಸ ಗಾಜ್ ಬಟ್ಟೆ ಕತ್ತರಿಸುವುದು. ಥಾನು ತಂದು ಅಳತೆಗೆ ಕತ್ತರಿಸಿ, ದಾರದ ಎಳೆ ಹೊರಗೆ ಬಾರದ ಹಾಗೆ ಅಂಚು ಒಳಗೆ ಮಡಚಬೇಕು. ಒಂದು ಎಳೆ ಹೊಟ್ಟೆಯೊಳಗೆ ಉಳಿದರೂ ತೊಂದರೆ. ಆಗ ಗ್ಲವ್ಸ್ ಒಂದು ಸಲ ಬಳಸಿ ಎಸೆಯುತ್ತಿರಲಿಲ್ಲ. ತೊಳೆದು, ಗಾಳಿ ತುಂಬಿ ತೂತಿದೆಯೇ ಎಂದು ನೋಡಿ, ಒಣಗಿಸಿ, ಪೌಡರ್ ಹಾಕಿ, ಬಲ ಎಡ ಜೋಡಿಸಿ, ಮತ್ತೆ ಆಟೋಕ್ಲೇವಿಗೆ ಹಾಕುತ್ತಿದ್ದೆವು. ಆಟೋಕ್ಲೇವ್ ಎಂದರೆ ದೊಡ್ಡ ಪ್ರೆಶರ್ ಕುಕ್ಕರ್ ಅಂದುಕೊಳ್ಳಿ. 121 ಡಿಗ್ರಿ ಶಾಖ, 15 ಪೌಂಡ್ ಒತ್ತಡ. ಡ್ರಮ್ಮಿನಲ್ಲಿ ಬಟ್ಟೆ ಒತ್ತಿ ತುರುಕಬಾರದು, ಹಬೆ ನಡುವೆ ಹಾದುಹೋಗಬೇಕು. ಇಡ್ಲಿ ಪಾತ್ರೆಗೂ ಇದೇ ನಿಯಮ ಎಂದು ನಾನು ನೆನಪಿಟ್ಟುಕೊಂಡಿದ್ದೆ.

ಅಲ್ಲಿದ್ದ ಸಿಸ್ಟರ್ ಕೇರಳದವರು, ಬಹಳ ಶಿಸ್ತಿನವರು. ನನಗೆ ಆಸಕ್ತಿ ಇದೆ ಎಂದು ಕಂಡು ಒಂದೊಂದೇ ಕಲಿಸಿದರು. ಆರ್ಟರಿ ಫೋರ್ಸೆಪ್ಸ್ ಯಾವುದು, ಆಲಿಸ್ ಯಾವುದು, ಬ್ಯಾಬ್‌ಕಾಕ್ ಯಾವುದು, ಯಾವ ಆಪರೇಷನ್ನಿಗೆ ಟ್ರಾಲಿ ಹೇಗೆ ಹಾಕಬೇಕು, ಗ್ಲವ್ಸ್ ಹಾಕಿದ ಕೈ ಸೊಂಟದಿಂದ ಕೆಳಗೆ ಯಾಕೆ ಇಳಿಯಬಾರದು. ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಸೂಕ್ಷ್ಮಜೀವಿಗಳ ಪಾಠ ಮಾಡುವಾಗ ನನಗೆ ಪುಸ್ತಕವೇ ಬೇಕಾಗಿರಲಿಲ್ಲ. ಬೆಳಿಗ್ಗೆ ಕೈಯಲ್ಲಿ ಮಾಡಿದ್ದನ್ನೇ ಅವರು ರಾತ್ರಿ ಹಲಗೆಯ ಮೇಲೆ ಬರೆಯುತ್ತಿದ್ದರು. ಆ ಸಂತೋಷವನ್ನು ನಾನು ಇವತ್ತೂ ಮರೆತಿಲ್ಲ. ಹದಿನಾರು ವರ್ಷದ ಹುಡುಗಿಗೆ ಈ ವಿದ್ಯೆ ಹತ್ತುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಚೆನ್ನಾಗಿ ಹತ್ತುತ್ತದೆ.

ಆದರೆ ಆ ವಯಸ್ಸಿನವಳ ಮೇಲೆ ಎಷ್ಟು ಭಾರ ಹಾಕಬಹುದು ಎನ್ನುವುದು ಬೇರೆ ಮಾತು. ಅದಕ್ಕೆ ಒಂದು ಘಟನೆ ಹೇಳುತ್ತೇನೆ. ಇದನ್ನು ನಾನು ಮೂವತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

1988ರಲ್ಲಿ ಒಂದು ದಿನ ಎರಡು ಆಪರೇಷನ್ ಒಟ್ಟಿಗೆ ಬಂದವು. ಎರಡನೆಯದು ಗರ್ಭಕೋಶ ತೆಗೆಯುವುದು. ಸಿಸ್ಟರ್ ಡಾಕ್ಟರ ಜೊತೆ ಸ್ಕ್ರಬ್ ಆಗಿದ್ದರು. ಹೊರಗಿನಿಂದ ಸಾಮಾನು ಕೊಡುವವಳು ನಾನು. ಹೊಟ್ಟೆಯೊಳಗೆ ಇಡುವ ದೊಡ್ಡ ಬಟ್ಟೆಗೆ ಮಾಪ್ ಎನ್ನುತ್ತಾರೆ. ಐದೈದರ ಕಟ್ಟು ಕಟ್ಟಿ ಇಡುತ್ತೇವೆ. ಕಟ್ಟು ಬಿಚ್ಚುವಾಗ ಇಬ್ಬರೂ ಗಟ್ಟಿಯಾಗಿ ಎಣಿಸಬೇಕು, ಹೊಟ್ಟೆ ಮುಚ್ಚುವ ಮುಂಚೆ ಮತ್ತೆ ಎಣಿಸಬೇಕು. ಆ ದಿನ ಗಡಿಬಿಡಿಯಲ್ಲಿ ಎರಡನೆಯ ಕಟ್ಟನ್ನು ನಾನು ಎಣಿಸದೆ ಕೊಟ್ಟೆ. ಕೊನೆಯಲ್ಲಿ ಎಣಿಸಿದರೆ ಒಂಬತ್ತು ಇವೆ.

ಸಿಸ್ಟರ್ ಕೇಳಿದರು, "ಎಷ್ಟು ಕೊಟ್ಟಿದ್ದೆ?"

ಹಿಂದಿನ ದಿನ ಕಟ್ಟು ಕಟ್ಟಿದವಳೂ ನಾನೇ. ಕಟ್ಟುವಾಗಲೇ ಒಂದು ಕಡಿಮೆ ಹಾಕಿದ್ದರೆ ಒಂಬತ್ತೇ ಸರಿ. ಹಾಗಲ್ಲದಿದ್ದರೆ ಒಂದು ಆ ಹೆಂಗಸಿನ ಹೊಟ್ಟೆಯೊಳಗಿದೆ. ಡಾಕ್ಟರು ಆಗಲೇ ಒಳಪದರ ಹೊಲಿಯಲು ಶುರು ಮಾಡಿದ್ದರು. ಹೊರಗೆ ಇನ್ನೊಬ್ಬ ಪೇಷಂಟ್ ಕಾಯುತ್ತಿದ್ದರು. "ಒಂಬತ್ತೇ ಕೊಟ್ಟಿದ್ದು" ಅಂದಿದ್ದರೆ ಯಾರೂ ಮತ್ತೆ ಕೇಳುತ್ತಿರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಈ ಕೆಲಸ ಹೋದರೆ ಅಮ್ಮನ ಕೆಲಸವೂ ಹೋಗುತ್ತದೆ ಎನ್ನುವುದು ಒಂದೇ ನನ್ನ ತಲೆಯಲ್ಲಿ ಇದ್ದದ್ದು.

"ಗೊತ್ತಿಲ್ಲ ಸಿಸ್ಟರ್, ನಾನು ಎಣಿಸಲಿಲ್ಲ" ಅಂದೆ.

ಡಾಕ್ಟರು ಹೊಲಿಗೆ ಬಿಚ್ಚಿದರು. ಕರುಳಿನ ಹಿಂದೆ, ರಕ್ತದಲ್ಲಿ ನೆನೆದು ಅದೇ ಬಣ್ಣಕ್ಕೆ ತಿರುಗಿದ ಹತ್ತನೆಯ ಮಾಪ್ ಸಿಕ್ಕಿತು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಸಿಸ್ಟರ್ ಆಮೇಲೆ ಕರೆದು, "ಮಾಡಿದ ತಪ್ಪು ಒಂದು. ಮುಚ್ಚಿಟ್ಟಿದ್ದರೆ ಎರಡಾಗುತ್ತಿತ್ತು" ಎಂದಷ್ಟೇ ಹೇಳಿದರು. ಎಂಟನೆಯ ದಿನ ಆ ಹೆಂಗಸು ಹೊಲಿಗೆ ಬಿಚ್ಚಿಸಿಕೊಂಡು ಮನೆಗೆ ಹೊರಟಾಗ ನನ್ನ ಕೈಗೆ ಎರಡು ಪೇಡೆ ಇಟ್ಟು ತಲೆ ಸವರಿದರು. ಅವರಿಗೆ ಏನೂ ಗೊತ್ತಿರಲಿಲ್ಲ. ಆ ಪೇಡೆ ನನ್ನ ಗಂಟಲಲ್ಲಿ ಇಳಿಯಲಿಲ್ಲ. ರಾತ್ರಿ ಶಾಲೆಯಿಂದ ಬಂದಾಗ ಅಮ್ಮ, "ಎಂತ ಮಗಾ, ಮುಖ ಯಾಕೆ ಹಾಗಿದೆ?" ಎಂದು ಕೇಳಿದರು. ತಲೆನೋವು ಎಂದೆ.

ತಪ್ಪು ನನ್ನದೇ, ಅದನ್ನು ನಾನು ಬೇರೆಯವರ ಮೇಲೆ ಹಾಕುವುದಿಲ್ಲ. ಆದರೆ ಇವತ್ತು ನಾನು ಹೊಸ ಮಕ್ಕಳಿಗೆ ಕಲಿಸುವವಳಾಗಿ ಕೇಳಿಕೊಳ್ಳುತ್ತೇನೆ, ಹದಿನೇಳು ವರ್ಷದ, ಒಂದು ದಿನವೂ ತರಗತಿಯಲ್ಲಿ ಕಲಿಯದ ಹುಡುಗಿಯ ಎಣಿಕೆಯ ಮೇಲೆ ಒಂದು ಜೀವ ಯಾಕೆ ನಿಂತಿತ್ತು? ಕಲಿಯುವವಳ ಪಕ್ಕದಲ್ಲಿ ಕಲಿತವರು ಒಬ್ಬರು ಇರಬೇಕಿತ್ತು. ಕಲಿಯುವವಳನ್ನು ಕೆಲಸದವಳ ಜಾಗದಲ್ಲಿ ನಿಲ್ಲಿಸಿದ್ದೇ ಮೂಲ ತಪ್ಪು.

ಇನ್ನೊಂದು ವಿಷಯ. ಹದಿನಾರನೇ ವಯಸ್ಸಿನಲ್ಲಿ ಸಾಮಾನು ತೊಳೆಯುವಾಗ ಬಳಸಿದ ಸೂಜಿ ಬೆರಳಿಗೆ ಚುಚ್ಚಿತ್ತು. ನೀರಲ್ಲಿ ತೊಳೆದು ಸುಮ್ಮನಾದೆ. ಹೆಪಟೈಟಿಸ್ ಬಿ ಎನ್ನುವ ಹೆಸರನ್ನೂ ನಾನು ಕೇಳಿರಲಿಲ್ಲ. ಮುಂದೆ ಪರೀಕ್ಷೆ ಮಾಡಿಸಿದಾಗ ಏನೂ ಇರಲಿಲ್ಲ, ಅದು ನನ್ನ ಅದೃಷ್ಟ. ಈಗ ಈ ಕೋರ್ಸಿಗೆ ಸೇರುವ ಮಕ್ಕಳು ಓಟಿಯೊಳಗೆ ಕಾಲಿಡುವ ಮೊದಲು ಆ ಲಸಿಕೆಯ ಮೂರು ಡೋಸ್ ಮುಗಿಸಿರಬೇಕು. ಅದೃಷ್ಟವನ್ನು ನಂಬಿ ಮಗಳನ್ನು ಕಳಿಸಬೇಡಿ.

ಈಗ ನನ್ನ ಲೆಕ್ಕದ ಮಾತಿಗೆ ಬರುತ್ತೇನೆ. 1989ರಲ್ಲಿ ಎಸ್‌ಎಸ್‌ಸಿ ಪಾಸಾದೆ. ಅಲ್ಲೇ 1993ರ ತನಕ ದುಡಿದೆ. ಅಷ್ಟು ಹೊತ್ತಿಗೆ ಯಾವ ಆಪರೇಷನ್ನಿಗೂ ಟ್ರಾಲಿ ಹಾಕಬಲ್ಲವಳಾಗಿದ್ದೆ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಓಟಿ ಟೆಕ್ನಿಷಿಯನ್ ಬೇಕು ಎಂದು ತಿಳಿದು ಇಂಟರ್‌ವ್ಯೂಗೆ ಹೋದೆ. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಕೊನೆಗೆ, "ಸರ್ಟಿಫಿಕೇಟ್?" ಎಂದರು. ನನ್ನ ಹತ್ತಿರ ಇದ್ದದ್ದು ನರ್ಸಿಂಗ್ ಹೋಮಿನ ನಾಲ್ಕು ಸಾಲಿನ ಪತ್ರ. ಅದರಲ್ಲಿ ಬರೆದದ್ದು "ಹೆಲ್ಪರ್" ಎಂದು. ಅದೂ ಹದಿನೆಂಟು ತುಂಬಿದ ಮೇಲಿನ ನಾಲ್ಕು ವರ್ಷ ಮಾತ್ರ. ಶಾಲೆಯ ದಿನಗಳ ಮೂರು ವರ್ಷ ಅದರಲ್ಲಿ ಇಲ್ಲವೇ ಇಲ್ಲ.

ದಿನಕ್ಕೆ ಆರು ಗಂಟೆ, ವರ್ಷಕ್ಕೆ ಮುನ್ನೂರು ದಿನ ಎಂದರೂ ಆ ಮೂರು ವರ್ಷಕ್ಕೆ 5,400 ಗಂಟೆ. ಒಂದು ಮಾಪ್ ತಪ್ಪಿದರೆ ಹೊಲಿಗೆ ಬಿಚ್ಚಿ ಹುಡುಕುವ ಜಾಗದಲ್ಲಿ ನನ್ನ 5,400 ಗಂಟೆ ಕಾಣೆಯಾದದ್ದು ಯಾರ ಗಮನಕ್ಕೂ ಬರಲಿಲ್ಲ.

ಆ ಆಸ್ಪತ್ರೆಯಲ್ಲಿ ನನ್ನನ್ನು ಆಯಾ ಆಗಿ ತೆಗೆದುಕೊಂಡರು. ಅಮ್ಮನ ಕೆಲಸಕ್ಕೇ ನಾನೂ ಬಂದು ನಿಂತೆ. ಮದುವೆಯಾಗಿ, ಮಗು ಆಗಿ, ಇಪ್ಪತ್ತೇಳನೇ ವಯಸ್ಸಿನಲ್ಲಿ ಒಂದು ವರ್ಷದ ಓಟಿ ಕೋರ್ಸಿಗೆ ಸೇರಿದೆ. ನಮ್ಮ ಯಜಮಾನರು ರಾತ್ರಿ ಪಾಳಿ ಕೇಳಿ ತೆಗೆದುಕೊಂಡು ಹಗಲು ಮಗುವನ್ನು ನೋಡಿಕೊಂಡರು. ಗೊತ್ತಿದ್ದದ್ದನ್ನೇ ಮತ್ತೆ ಕಲಿತೆನಾ ಎಂದರೆ, ಇಲ್ಲ. ಕೈಗೆ ಗೊತ್ತಿತ್ತು, ಯಾಕೆ ಎನ್ನುವುದು ಗೊತ್ತಿರಲಿಲ್ಲ. ಅಂಗರಚನೆ, ಅರಿವಳಿಕೆ ಮೆಷಿನ್ನಿನ ಪರೀಕ್ಷೆ, ಪೇಷಂಟನ್ನು ಮೇಜಿನ ಮೇಲೆ ಮಲಗಿಸುವಾಗ ಕೈಯ ನರಕ್ಕೆ ಪೆಟ್ಟಾಗದ ಹಾಗೆ ಇಡುವುದು, ಇವೆಲ್ಲ ಹೊಸತು. 2000ದಲ್ಲಿ ಟೆಕ್ನಿಷಿಯನ್ ಎಂಬ ಬಿಲ್ಲೆ ಎದೆಗೆ ಸಿಕ್ಕಿತು. ಮೊದಲ ತಿಂಗಳ ಸಂಬಳ ಅಮ್ಮನ ಕೈಗೆ ಕೊಟ್ಟೆ.

ಮುಂದೆ 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ನಿಗೆ ಒಂದು ಚೆಕ್‌ಲಿಸ್ಟ್ ತಂದಿತು. 19 ಅಂಶಗಳ ಒಂದೇ ಹಾಳೆ. ಅರಿವಳಿಕೆಗೆ ಮುಂಚೆ, ಚರ್ಮ ಕೊಯ್ಯುವ ಮುಂಚೆ, ಪೇಷಂಟ್ ಓಟಿಯಿಂದ ಹೊರಗೆ ಹೋಗುವ ಮುಂಚೆ, ಮೂರು ಸಲ ನಿಂತು ಗಟ್ಟಿಯಾಗಿ ಓದಿ ಖಚಿತ ಮಾಡಿಕೊಳ್ಳಬೇಕು. ಸಾಮಾನು, ಮಾಪ್, ಸೂಜಿಯ ಎಣಿಕೆಯೂ ಅದರಲ್ಲಿದೆ. ದೆಹಲಿಯೂ ಸೇರಿ ಜಗತ್ತಿನ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ಪ್ರಕಟವಾಯಿತು. ಅದನ್ನು ಓದಿದ ದಿನ ನನಗೆ ಆ ಹತ್ತನೆಯ ಮಾಪ್ ನೆನಪಾಯಿತು.

ಹಾಗಾದರೆ ಆ ತಾಯಿಗೆ ಏನು ಹೇಳಲಿ? ಕೆಲಸ ಬೇಡ ಎನ್ನುವುದಿಲ್ಲ. ಆ ದಾರಿ ಬೇಡ ಎನ್ನುತ್ತೇನೆ.

ಈಗ ದಾರಿಗಳಿವೆ. ನಮ್ಮ ಕರ್ನಾಟಕದಲ್ಲೇ ಪ್ಯಾರಾಮೆಡಿಕಲ್ ಬೋರ್ಡಿನ ಆಪರೇಷನ್ ಥಿಯೇಟರ್ ಡಿಪ್ಲೊಮಾಕ್ಕೆ ಎಸ್‌ಎಸ್‌ಎಲ್‌ಸಿ ಮುಗಿಸಿದ ಮಕ್ಕಳೂ ಸೇರುತ್ತ ಬಂದಿದ್ದಾರೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಬಿಎಸ್ಸಿ ಪದವಿಯೂ ಇದೆ. ಶಾಲೆಯಲ್ಲಿದ್ದಾಗಲೇ ರುಚಿ ನೋಡಬೇಕು ಎನ್ನುವವರಿಗೆ ಸಿಬಿಎಸ್‌ಇಯಲ್ಲಿ ಹೆಲ್ತ್ ಕೇರ್ ಎನ್ನುವ ವೃತ್ತಿ ವಿಷಯವಿದೆ. 2021ರಲ್ಲಿ ಸಂಸತ್ತು ಅಲೈಡ್ ಹೆಲ್ತ್ ವೃತ್ತಿಗಳಿಗಾಗಿಯೇ ಒಂದು ಕಾಯ್ದೆ ಮಾಡಿತು. ಅದರ ಪಟ್ಟಿಯಲ್ಲಿ ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆಯ ತಂತ್ರಜ್ಞರೂ ಇದ್ದಾರೆ. ಡಿಪ್ಲೊಮಾ ಅಥವಾ ಪದವಿ ಕನಿಷ್ಠ 2,000 ಗಂಟೆಗಳದ್ದಾಗಿರಬೇಕು ಎಂದು ಅದು ಹೇಳುತ್ತದೆ. ನೋಡಿ, ಕಾನೂನು ಈಗ ಗಂಟೆಗಳನ್ನು ಎಣಿಸುತ್ತದೆ. ನಿಮ್ಮ ಮಗಳ ಗಂಟೆಗಳು ಆ ಲೆಕ್ಕದೊಳಗೆ ಬರಲಿ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಸೇರುವ ಮುಂಚೆ ಆ ವರ್ಷದ ಅಧಿಸೂಚನೆಯನ್ನು ಓದಿಯೇ ಹಣ ಕಟ್ಟಿ.

ಯಾವ ಸಂಸ್ಥೆಗೆ ಹೋದರೂ ನಾಲ್ಕು ಪ್ರಶ್ನೆ ಕೇಳಿ. ಈ ಕೋರ್ಸಿಗೆ ಯಾವ ಬೋರ್ಡ್ ಅಥವಾ ವಿಶ್ವವಿದ್ಯಾಲಯದ ಮಾನ್ಯತೆ ಇದೆ? ಕಲಿಕೆಗೆ ಯಾವ ಆಸ್ಪತ್ರೆ, ಅಲ್ಲಿ ನಿಜವಾಗಿ ಆಪರೇಷನ್ ನಡೆಯುತ್ತದೆಯೇ? ಮಗು ಮಾಡಿದ, ನೋಡಿದ ಕೇಸುಗಳನ್ನು ಬರೆದು ಸಹಿ ಹಾಕುವ ಲಾಗ್ ಬುಕ್ ಕೊಡುತ್ತಾರೆಯೇ? ಓಟಿಯಲ್ಲಿ ಅವಳ ಪಕ್ಕದಲ್ಲಿ ಜವಾಬ್ದಾರಿ ಹೊತ್ತು ನಿಲ್ಲುವವರು ಯಾರು? ನಾಲ್ಕನೆಯದಕ್ಕೆ ಉತ್ತರ ಸಿಗದಿದ್ದರೆ ಎದ್ದು ಬನ್ನಿ.

ಮಕ್ಕಳಿಗೆ ಒಂದು ಮಾತು. ರಕ್ತ ಕಂಡು ಮೊದಲ ದಿನ ತಲೆ ತಿರುಗಿದರೆ ನಾಚಿಕೆ ಬೇಡ, ನನಗೂ ತಿರುಗಿತ್ತು. ಇಂಗ್ಲಿಷ್ ಬರುವುದಿಲ್ಲ ಎಂಬ ಭಯವೂ ಬೇಡ. ಸಾಮಾನಿನ ಹೆಸರುಗಳನ್ನು ನಾನು ಕನ್ನಡದಲ್ಲಿ ಬರೆದುಕೊಂಡೇ ಬಾಯಿಪಾಠ ಮಾಡಿದವಳು. ಆದರೆ ನಿಮ್ಮ ಗ್ಲವ್ಸ್ ಎಲ್ಲೋ ತಗುಲಿತು, ಯಾರೂ ನೋಡಲಿಲ್ಲ ಎಂದಾಗ, "ನನ್ನ ಗ್ಲವ್ಸ್ ಬದಲಾಯಿಸಬೇಕು" ಎಂದು ನೀವಾಗಿಯೇ ಹೇಳುವ ಧೈರ್ಯ ಇದ್ದರೆ ಮಾತ್ರ ಈ ಕೆಲಸಕ್ಕೆ ಬನ್ನಿ.

ಆ ಹುಡುಗಿಯನ್ನು ಅವಳ ತಾಯಿ ಇನ್ನೂ ಕಳಿಸಿಲ್ಲ, ಇವತ್ತು ಇಬ್ಬರೂ ಇಲ್ಲೇ ಕೂತಿದ್ದಾರೆ. ಕಾರ್ಯಕ್ರಮ ಮುಗಿದ ಮೇಲೆ ಊಟದ ಹೊತ್ತಿಗೆ ನಾವು ಮೂವರು ಕೂತು ಕೋರ್ಸುಗಳ ವಿವರ ನೋಡುವವರಿದ್ದೇವೆ. ಬೇರೆ ಯಾರಿಗಾದರೂ ಬೇಕಿದ್ದರೆ ಎಲೆ ಹಿಡಿದುಕೊಂಡು ನಮ್ಮ ಜೊತೆಗೇ ಬಂದು ಕೂತುಕೊಳ್ಳಿ.