ಸೈಕಲ್ ತುಳಿಯುವ ಕಾಲಿಗೆ ಮನೆಯಲ್ಲೇ ಬಲ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಉಳಿತಾಯ, ಸಾಲ ಮರುಪಾವತಿ, ಪುಸ್ತಕ ನಿರ್ವಹಣೆ ಇವುಗಳ ಬಗ್ಗೆ ನಾವು ಪ್ರತಿ ಸಭೆಯಲ್ಲೂ ಮಾತಾಡ್ತೇವೆ. ಇವತ್ತು ಸೈಕಲ್ ತುಳಿಯುವ ನಮ್ಮ ಮಂಡಿ, ಸೊಂಟ, ಬೆನ್ನಿನ ಬಗ್ಗೆ ಮಾತಾಡೋಣ. ನಗಬೇಡಿ, ಇದಕ್ಕೂ ಸಂಘಕ್ಕೂ ಸಂಬಂಧ ಇದೆ.

2023ರ ಜೂನ್ ತಿಂಗಳಿನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಒಳ್ಳೆಯದೇ ಆಯಿತು. ಆದರೆ ಬಸ್ಸು ನಿಲ್ಲೋದು ಮೇನ್ ರೋಡಿನಲ್ಲಿ. ಅಲ್ಲಿಂದ ನಮ್ಮಲ್ಲಿ ಎಷ್ಟೋ ಜನರ ಮನೆ ಎರಡು ಮೂರು ಕಿಲೋಮೀಟರ್ ಒಳಗೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಬೇಕು, ಬ್ಯಾಂಕಿಗೆ ಹೋಗಬೇಕು, ಸಂಘದ ಸಭೆಗೆ ಬರಬೇಕು. ಈ ಮೂರು ಕಿಲೋಮೀಟರಿಗೆ ಗಂಡನ ಬೈಕಿಗೋ ಮಗನ ಬೈಕಿಗೋ ಕಾಯುತ್ತಾ ಕೂರ್ತೇವೆ. ಅವರಿಗೆ ಬಿಡುವಾದಾಗ ಮಾತ್ರ ನಮ್ಮ ಪ್ರಯಾಣ. ಅದೇ ಮನೆಯ ಮೂಲೆಯಲ್ಲಿ ಒಂದು ಸೈಕಲ್ ನಿಂತಿರುತ್ತೆ. 2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಯಿತಲ್ಲ, ಹಾಗೆ ಬಂದ ಸೈಕಲ್. ಮಗಳು ಮದುವೆಯಾಗಿ ಹೋದಳು, ಸೈಕಲ್ ಉಳಿಯಿತು.

ನಿಮ್ಮಲ್ಲಿ ಕೆಲವರು ಆ ಸೈಕಲ್ಲನ್ನು ಒರೆಸಿ, ಟ್ಯೂಬ್ ಹಾಕಿಸಿ ಹತ್ತಿದ್ದೀರಿ. ಆದರೆ ಹತ್ತಿದವರಲ್ಲೂ ಹಲವರು ಆರು ತಿಂಗಳಿಗೆ "ಮಂಡಿ ನೋವು ಸಿಸ್ಟರ್, ಆಗಲ್ಲ" ಅಂತ ಇಳಿದುಬಿಟ್ಟಿರಿ. ಸೈಕಲ್ ಮತ್ತೆ ಮೂಲೆ ಸೇರಿತು, ನಾವು ಮತ್ತೆ ಬೈಕಿಗೆ ಕಾಯೋದಕ್ಕೆ ಕೂತೆವು. ನಮ್ಮ ಓಡಾಟ ನಮ್ಮ ಕೈಯಲ್ಲೇ ಉಳಿಯಬೇಕಾದರೆ ಮೊದಲು ಈ ಮಂಡಿಯನ್ನು ಸರಿ ಮಾಡಿಕೊಳ್ಳಬೇಕು.

ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯ ವಿಷಯ ಕೆಲವರು ಕೇಳಿರಬಹುದು. 1990ರ ದಶಕದ ಮೊದಲಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ಅಲ್ಲಿನ ಜಿಲ್ಲಾಧಿಕಾರಿಯಾಗಿದ್ದ ಶೀಲಾ ರಾಣಿ ಚುಂಕತ್ ಎಂಬ ಮಹಿಳೆ ಅಕ್ಷರದ ಜೊತೆಗೆ ಸೈಕಲ್ ಕಲಿಸುವುದನ್ನೂ ಸೇರಿಸಿದರು. ಕೂಲಿ ಮಾಡುವವರು, ಕಲ್ಲು ಒಡೆಯುವವರು ಹೀಗೆ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಲೇಡೀಸ್ ಸೈಕಲ್ ಸಾಲದೆ ಹೋದಾಗ ಗಂಡಸರ ಸೈಕಲ್ಲನ್ನೇ ಹತ್ತಿದರು. ಮುಂದಿನ ಅಡ್ಡ ಕಂಬಿಯ ಮೇಲೆ ಮಗುವನ್ನು ಕೂರಿಸಬಹುದು ಅಂತ ಅದನ್ನೇ ಇಷ್ಟಪಟ್ಟವರೂ ಇದ್ದರು. ಹತ್ತುವ ಧೈರ್ಯ ಒಂದಾದರೆ, ಹತ್ತು ಹದಿನೈದು ವರ್ಷ ತುಳಿಯುವ ಶಕ್ತಿ ಇನ್ನೊಂದು. ಈ ಎರಡನೆಯದರ ಬಗ್ಗೆ ನಮಗೆ ಯಾರೂ ಹೇಳಿಕೊಟ್ಟಿಲ್ಲ.

"ದಿನವಿಡೀ ದುಡಿಯೋ ನಮಗೆ ವ್ಯಾಯಾಮ ಯಾಕೆ ಸಿಸ್ಟರ್? ಅದು ಪೇಟೆಯವರಿಗೆ" ಅಂತ ನೀವು ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಆದರೆ ನಮ್ಮ ಕೆಲಸಗಳನ್ನು ಒಂದೊಂದಾಗಿ ನೆನೆಸಿಕೊಳ್ಳಿ. ಕಸ ಗುಡಿಸೋದು ಬಗ್ಗಿ, ಕಳೆ ಕೀಳೋದು ಬಗ್ಗಿ, ಪಾತ್ರೆ ಬಟ್ಟೆ ಬಗ್ಗಿ, ಸೈಕಲ್ ತುಳಿಯೋದೂ ಮುಂದಕ್ಕೆ ಬಗ್ಗಿಯೇ. ಇಡೀ ದಿನ ದೇಹ ಒಂದೇ ಕಡೆಗೆ ಬಾಗುತ್ತೆ. ಕೆಲವು ಸ್ನಾಯುಗಳು ದುಡಿದು ದುಡಿದು ಬಿಗಿಯಾಗುತ್ತವೆ, ಕೆಲವಕ್ಕೆ ಕೆಲಸವೇ ಇಲ್ಲ. ದಣಿವು ಬೇರೆ, ಬಲ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ನಡಿಗೆ, ಸೈಕಲ್ ಇಂಥದ್ದು ವಾರಕ್ಕೆ 150 ರಿಂದ 300 ನಿಮಿಷ ಇರಲಿ, ಅದರ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇರೆಯಾಗಿ ಇರಲಿ ಎಂದು ಹೇಳಿದ್ದಾರೆ.

ಇನ್ನೂ ಒಂದು ವಿಷಯ. ಸೈಕಲ್ಲಿನಲ್ಲಿ ನಮ್ಮ ಭಾರವನ್ನು ಸೀಟು ಹೊರುತ್ತದೆ. ಮಂಡಿಗೆ ಅದು ಅನುಕೂಲ, ಹೃದಯಕ್ಕೂ ಶ್ವಾಸಕೋಶಕ್ಕೂ ಒಳ್ಳೆಯದು. ಆದರೆ ಭಾರ ಬೀಳದ ಮೂಳೆ ಗಟ್ಟಿಯಾಗುವುದಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಅದಕ್ಕೇ ನಿಂತು ಮಾಡುವ ವ್ಯಾಯಾಮ ಬೇಕು ಅನ್ನೋದು.

ವ್ಯಾಯಾಮಕ್ಕೆ ಮೊದಲು ಸೀಟು ನೋಡಿ. ಬೀಳ್ತೇವೆ ಅನ್ನೋ ಭಯಕ್ಕೆ ನಾವೆಲ್ಲ ಸೀಟನ್ನು ಪೂರ್ತಿ ಕೆಳಗೆ ಇಳಿಸಿರ್ತೇವೆ, ಕೂತಲ್ಲೇ ಎರಡೂ ಪಾದ ನೆಲಕ್ಕೆ ಊರಬೇಕು ಅಂತ. ಆಗ ಪ್ರತಿ ತುಳಿತಕ್ಕೂ ಮಂಡಿ ಅತಿಯಾಗಿ ಮಡಚಿ, ಮಂಡಿಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ಮಂಡಿಯ ಮುಂಭಾಗ ನೋಯುವವರಲ್ಲಿ ಎಷ್ಟೋ ಜನರ ಕಾರಣ ಇದೇ. ಒಬ್ಬರು ಸೈಕಲ್ ಹಿಡಿದುಕೊಳ್ಳಲಿ, ನೀವು ಸೀಟಿನ ಮೇಲೆ ಕೂತು ಪೆಡಲ್ ತೀರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾದರೆ ಎತ್ತರ ಸರಿ. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುತ್ತೆ, ಆಗ ಮಂಡಿ ಸ್ವಲ್ಪವೇ ಮಡಚಿರುತ್ತೆ. ಒಂದೇ ದಿನ ಏರಿಸಬೇಡಿ, ಭಯವಾಗುತ್ತೆ. ವಾರಕ್ಕೆ ಒಂದು ಬೆರಳು ದಪ್ಪ ಸಾಕು. ಮಂಡಿಯ ಹಿಂಭಾಗ ಎಳೆದಂತಾದರೆ ಜಾಸ್ತಿ ಏರಿದೆ ಅಂತ ಅರ್ಥ. ಹಾಗೆಯೇ ಹಾಲಿನ ಕ್ಯಾನನ್ನು ಹ್ಯಾಂಡಲ್ಲಿನ ಒಂದೇ ಕಡೆ ನೇತು ಹಾಕಬೇಡಿ, ಹಿಂದೆ ಕ್ಯಾರಿಯರ್ ಮೇಲೆ ಕಟ್ಟಿ. ಗಾಳಿ ಕಡಿಮೆಯಾದ ಟಯರು, ಎಣ್ಣೆ ಕಾಣದ ಚೈನು ಇದ್ದರೆ ಎಂಥ ಗಟ್ಟಿ ಕಾಲೂ ಸೋಲುತ್ತೆ.

ಈಗ ಮನೆಯಲ್ಲಿ ಮಾಡುವುದು. ಇದಕ್ಕೆ ಒಂದು ಚಾಪೆ, ಒಂದು ಹಳೇ ಸೀರೆ, ಒಂದು ಜಗಲಿ ಅಥವಾ ಸ್ಟೂಲು ಸಾಕು. ಕಾಸು ಖರ್ಚಿಲ್ಲ.

ಜಗಲಿಯ ತುದಿಯಲ್ಲಿ ಕೂತು, ಕೈ ಊರದೆ ಎದ್ದು ನಿಲ್ಲಿ. ಮತ್ತೆ ಕೂರುವಾಗ ಧೊಪ್ಪನೆ ಬೀಳಬೇಡಿ, ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸುತ್ತಾ ನಿಧಾನ ಇಳಿಯಿರಿ. ಬಲ ಬರೋದು ಈ ಇಳಿಯುವಾಗಲೇ. ಮಂಡಿಗಳು ಒಳಗೆ ವಾಲಬಾರದು, ಕಾಲ್ಬೆರಳ ದಿಕ್ಕಿಗೇ ಇರಲಿ. ಹತ್ತು ಸಲ ಮಾಡಿ, ಸುಧಾರಿಸಿಕೊಂಡು ಇನ್ನೊಂದು ಹತ್ತು. ಸುಲಭ ಅನ್ನಿಸಿದ ಮೇಲೆ ನೀರು ತುಂಬಿದ ಸಣ್ಣ ಬಿಂದಿಗೆಯನ್ನು ಎದೆಗೆ ಅಪ್ಪಿಕೊಂಡು ಮಾಡಿ.

ಎರಡನೆಯದು ಸೇತುಬಂಧ. ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕೆ ಊರಿ, ಸೊಂಟವನ್ನು ಮೇಲಕ್ಕೆ ಎತ್ತಿ. ಐದು ಎಣಿಸಿ, ನಿಧಾನ ಇಳಿಸಿ, ಹತ್ತು ಸಲ. ಎತ್ತಿದಾಗ ಪೃಷ್ಠದ ಸ್ನಾಯು ಬಿಗಿಯಾಗಬೇಕು. ಪೆಡಲ್ ಒತ್ತಲು ಬೇಕಾದ ದೊಡ್ಡ ಶಕ್ತಿ ಇರುವುದು ಅಲ್ಲೇ. ಅದು ಕೆಲಸ ಮಾಡದಿದ್ದರೆ ಅದರ ಪಾಲಿನ ಕೆಲಸವನ್ನೂ ಮಂಡಿಯೇ ಮಾಡಬೇಕಾಗುತ್ತೆ. ಸಂಘದಲ್ಲಿ ಒಬ್ಬರ ಕಂತನ್ನು ಇನ್ನೊಬ್ಬರು ಕಟ್ಟಿದ ಹಾಗೆ. ಎಷ್ಟು ದಿನ ಕಟ್ಟಿಯಾರು?

ನಮ್ಮ ಎರಡು ಕಾಲುಗಳಲ್ಲಿ ಒಂದು ಯಾವಾಗಲೂ ಗಟ್ಟಿ, ಒಂದು ಮೆತ್ತಗೆ. ಮನೆ ಮುಂದಿನ ಒಂದು ಮೆಟ್ಟಿಲನ್ನು ಒಂದೇ ಕಾಲಿನಿಂದ ಎಂಟು ಸಲ ಹತ್ತಿ ಇಳಿಯಿರಿ, ಆಮೇಲೆ ಇನ್ನೊಂದು ಕಾಲು. ಮೆತ್ತಗಿರುವ ಕಾಲಿನಿಂದ ಶುರು ಮಾಡಿ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದನ್ನೂ ಹದಿನೈದು ಸಲ ಸೇರಿಸಿಕೊಳ್ಳಿ.

ಬೆನ್ನಿಗೆ, ಹೊಟ್ಟೆಗೆ: ಮಗು ಅಂಬೆಗಾಲಿಡುವಂತೆ ಕೈ ಮಂಡಿ ಊರಿ, ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ. ಸೊಂಟ ಅಲ್ಲಾಡಬಾರದು. ಐದು ಎಣಿಸಿ ಬದಲಿಸಿ. ಉಸಿರು ಕಟ್ಟಬೇಡಿ, ಮುಖ್ಯವಾಗಿ ಬಿ.ಪಿ. ಇರುವವರು. ನಡು ಗಟ್ಟಿಯಿದ್ದರೆ ಹ್ಯಾಂಡಲ್ ಮೇಲೆ ಭಾರ ಬೀಳಲ್ಲ, ಅಂಗೈ ಜೋಮು ಹಿಡಿಯೋದೂ ಕಡಿಮೆಯಾಗುತ್ತೆ.

ಇಷ್ಟನ್ನು ವಾರಕ್ಕೆ ಎರಡು ಮೂರು ದಿನ, ಮಧ್ಯೆ ಒಂದೊಂದು ದಿನ ಬಿಟ್ಟು ಮಾಡಿ. ಸ್ನಾಯು ಬೆಳೆಯೋದು ಬಿಡುವಿನ ದಿನದಲ್ಲೇ.

ಮೈ ಸಡಿಲಿಸುವುದನ್ನು ದಿನಾ ಮಾಡಬಹುದು, ಆದರೆ ಸೈಕಲ್ ಹತ್ತುವ ಮೊದಲು ತಣ್ಣಗಿರುವ ಮೈಯನ್ನು ಎಳೆಯಬೇಡಿ. ಹೊರಡುವಾಗ ಮೊದಲ ಐದು ನಿಮಿಷ ಮೆಲ್ಲಗೆ ತುಳಿದರೆ ಸಾಕು. ವಾಪಸ್ ಬಂದ ಮೇಲೆ, ಮೈ ಬೆಚ್ಚಗಿರುವಾಗ ಸಡಿಲಿಸಿ. ಮಲಗಿ, ಹಳೇ ಸೀರೆಯನ್ನು ಪಾದಕ್ಕೆ ಸುತ್ತಿ ಕಾಲನ್ನು ನೇರ ಮೇಲಕ್ಕೆ ಎಳೆದುಕೊಳ್ಳಿ. ಒಂದು ಮಂಡಿ ಚಾಪೆಗೆ ಊರಿ, ಇನ್ನೊಂದು ಪಾದ ಮುಂದಿಟ್ಟು, ಬೆನ್ನು ನೆಟ್ಟಗಿಟ್ಟು ಸೊಂಟ ಮುಂದಕ್ಕೆ ತಳ್ಳಿದರೆ ತೊಡೆಯ ಮುಂಭಾಗ ಬಿಡಿಸಿಕೊಳ್ಳುತ್ತೆ. ಬಾಗಿಲ ಚೌಕಟ್ಟಿಗೆ ಎರಡೂ ಮೊಣಕೈ ಆನಿಸಿ ಎದೆ ಮುಂದೆ ಮಾಡಿ; ಬಗ್ಗಿ ಬಗ್ಗಿ ಗೂನಾದ ಭುಜಕ್ಕೆ ಇದಕ್ಕಿಂತ ಸುಖ ಬೇರೆ ಇಲ್ಲ. ಒಂದೊಂದನ್ನೂ ಅರ್ಧ ನಿಮಿಷ ಹಾಗೇ ಹಿಡಿಯಿರಿ, ಜಗ್ಗಬೇಡಿ. ಗ್ಯಾಸ್ ಕಟ್ಟೆ, ಕುರ್ಚಿ ಬಂದ ಮೇಲೆ ನಾವು ಕುಕ್ಕರಗಾಲಲ್ಲಿ ಕೂರೋದನ್ನೇ ಬಿಟ್ಟಿದ್ದೇವೆ. ನಮ್ಮ ಅಜ್ಜಿಯರ ಸೊಂಟ ಕೊನೆವರೆಗೂ ಬಾಗ್ತಿದ್ದದ್ದು ಅದರಿಂದಲೂ ಹೌದು. ನೋವಿಲ್ಲದವರು ದಿನಕ್ಕೆ ಒಂದೆರಡು ನಿಮಿಷ ಹಾಗೆ ಕೂತು ತರಕಾರಿ ಹೆಚ್ಚಿ.

ಒಂದು ವಿಷಯ ನಾಚಿಕೆಯಿಂದ ಯಾರೂ ಹೇಳೋದಿಲ್ಲ. ಕೆಮ್ಮಿದಾಗ, ಭಾರ ಎತ್ತಿದಾಗ, ಸೈಕಲ್ ಹಳ್ಳಕ್ಕೆ ಇಳಿದಾಗ ಮೂತ್ರ ಹನಿಯುವುದು. ಹೆರಿಗೆಯಾದ ತುಂಬಾ ಜನರಿಗೆ ಇದು ಇದೆ. ಇದಕ್ಕೂ ವ್ಯಾಯಾಮ ಉಂಟು. ಮೂತ್ರ ತಡೆಯುವಾಗ ಬಿಗಿಯುವ ಒಳಗಿನ ಸ್ನಾಯುವನ್ನು ಐದು ಎಣಿಸುವವರೆಗೆ ಬಿಗಿಹಿಡಿದು ಬಿಡಿ, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಬಸ್ಸಿಗೆ ಕಾಯುವಾಗಲೂ ಮಾಡಬಹುದು, ಯಾರಿಗೂ ಗೊತ್ತಾಗಲ್ಲ. ಕೆಳಗೆ ಏನೋ ಜಾರಿ ಬಂದಂತೆ ಅನ್ನಿಸುವವರು ಭಾರ ಎತ್ತಬೇಡಿ, ಮೊದಲು ಲೇಡಿ ಡಾಕ್ಟರಿಗೆ ತೋರಿಸಿ.

ಸಣ್ಣ ಏರಿಗೇ ಏದುಸಿರು ಬರುವವರು ಕಾಲನ್ನು ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15 ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ಅದು ರಕ್ತಹೀನತೆ. ಇನ್ನು ಊಟ. ಮನೆಯವರೆಲ್ಲ ಉಂಡ ಮೇಲೆ ಬೇಳೆಯೆಲ್ಲ ಖಾಲಿಯಾದ ತಿಳಿ ಸಾರು ನಮಗೆ. ಅದರಲ್ಲಿ ಸ್ನಾಯು ಹೇಗೆ ಬೆಳೆಯುತ್ತೆ? ಹುರುಳಿ, ಕಡ್ಲೆ, ಮೊಟ್ಟೆ, ಮೊಸರು ಇವುಗಳಲ್ಲಿ ನಮ್ಮ ಪಾಲನ್ನು ಮೊದಲೇ ತೆಗೆದಿಡೋಣ. ಊಟದ ಜೊತೆಗೇ ಕಾಫಿ ಟೀ ಬೇಡ, ಕಬ್ಬಿಣದಂಶ ಮೈಗೆ ಹತ್ತದಂತೆ ಅದು ತಡೆಯುತ್ತದೆ.

ಶುರು ಮಾಡಿದ ಎರಡು ದಿನ ತೊಡೆ ನೋಯುತ್ತೆ, ಅದಕ್ಕೆ ಹೆದರಬೇಡಿ. ಆದರೆ ಕೀಲಿನಲ್ಲೇ ಚುಚ್ಚುವ ನೋವು, ಊತ ಬಂದರೆ ನಿಲ್ಲಿಸಿ, ಆಸ್ಪತ್ರೆಗೆ ತೋರಿಸಿ. ಹೃದಯದ ತೊಂದರೆ ಇರುವವರು, ಈಚೆಗೆ ಆಪರೇಷನ್ ಅಥವಾ ಹೆರಿಗೆ ಆದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಫಲ ಗೊತ್ತಾಗಲು ಒಂದೂವರೆ, ಎರಡು ತಿಂಗಳು ಬೇಕು. ಒಬ್ಬರೇ ಮಾಡಿದರೆ ಅತ್ತೆ ನಗ್ತಾರೆ, ಮಕ್ಕಳು ಅಣಕಿಸ್ತಾರೆ, ಮೂರನೇ ದಿನಕ್ಕೆ ನಿಂತು ಹೋಗುತ್ತೆ. ಅದಕ್ಕೇ ವಾರದ ಸಭೆಯಲ್ಲಿ ಉಳಿತಾಯ ಸಂಗ್ರಹ ಮಾಡುವ ಮೊದಲು ಹತ್ತು ನಿಮಿಷ ಎಲ್ಲರೂ ಒಟ್ಟಿಗೆ ಮಾಡೋಣ. ಬಂದವರ ಹೆಸರಿನ ಪಕ್ಕ ಒಂದು ಗುರುತು ಹಾಕಲಿ ಪ್ರತಿನಿಧಿಗಳು.

ಮುಂದಿನ ಸಭೆಗೆ ಒಂದು ಚಾಪೆ, ಹಳೇ ಸೀರೆ ತನ್ನಿ. ಸೈಕಲ್ ಇರುವವರು ಬಸ್ಸು ಬಿಟ್ಟು ಅದರಲ್ಲೇ ಬನ್ನಿ. ಸೀಟು ಬಿಚ್ಚುವ ಸ್ಪ್ಯಾನರ್ ನಾವು ತರ್ತೇವೆ, ಅಲ್ಲೇ ಒಬ್ಬೊಬ್ಬರದಾಗಿ ಎತ್ತರ ನೋಡೋಣ.